ಗದ್ದೆ ಖಾಲಿ ಇದೆಯಲ್ಲ, ಕಾರು ನಿಲ್ಲಿಸಿದರೆ ಏನು ತೊಂದರೆ?

ಪೊಸಡಿಗುಂಪೆಯಂಥ ಗುಡ್ಡೆಗಳನ್ನು ನೋಡಲು ಮಳೆಗಾಲದಲ್ಲಿ ಜನ ಬರತೊಡಗಿದ ಮೇಲೆ, ಕಾಸರಗೋಡಿನ ಉತ್ತರ ಭಾಗದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ಬರುವವರೂ ಕೇಳುತ್ತಾರೆ, ನಾಲ್ಕು ಕಾಸು ಬರಲಿ ಎಂದು ಗದ್ದೆಯವರೂ ಕೇಳುತ್ತಾರೆ. ನನ್ನ ಉತ್ತರ: ಮಾರ್ಚಿನಲ್ಲಾದರೆ ಆದೀತು, ಜುಲೈಯಲ್ಲಿ ಖಂಡಿತ ಬೇಡ. ಅಲ್ಲದೆ ಜುಲೈಯ ಭಾನುವಾರದ ಗೋಳು ಜಾಗದ್ದಲ್ಲ, ದಾರಿಯದ್ದು. ಗದ್ದೆ ಕೊಟ್ಟರೂ ಅದು ಬಗೆಹರಿಯುವುದಿಲ್ಲ.

ಜಾತ್ರೆಗೆ, ಬ್ರಹ್ಮಕಲಶಕ್ಕೆ, ಬಯಲಾಟಕ್ಕೆ ಬಂದವರ ವಾಹನಗಳನ್ನು ಕೊಯ್ಲಾದ ಗದ್ದೆಯಲ್ಲಿ ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ. ಸುಗ್ಗಿ ಬೆಳೆ ಕೊಯ್ದು, ಮಣ್ಣು ಒಣಗಿ ಬಿರುಕು ಬಿಟ್ಟ ಮೇಲೆ ಅದು ಭಾರ ತಾಳುತ್ತದೆ. ಮಳೆಗಾಲದ ಮಾತು ಬೇರೆ. ಜನ ಕೂತ ಸಣ್ಣ ಕಾರೆಂದರೆ 1,200ರಿಂದ 1,500 ಕಿಲೋ. ಒಂದೊಂದು ಚಕ್ರದ ಮೇಲೆ 300–400 ಕಿಲೋ, ಅದೂ ಒಂದು ಅಂಗೈಯಗಲದ ನೆಲದ ಮೇಲೆ. ಗದ್ದೆಯಲ್ಲಿ ಒಂದು ಗೇಣು ಕೆಳಗೆ, ವರ್ಷ ವರ್ಷ ಉತ್ತು ತುಳಿದು ಗಟ್ಟಿಯಾದ ಪದರ ಒಂದಿರುತ್ತದೆ. ಗದ್ದೆಯಲ್ಲಿ ನೀರು ನಿಲ್ಲುವುದೇ ಅದರಿಂದ. ಹೂತ ಚಕ್ರವನ್ನು ಆಕ್ಸಿಲರೇಟರ್ ಒತ್ತಿ ತಿರುಗಿಸಿದರೆ ಆ ಪದರ ಹರಿದು ಅಲ್ಲಿ ನೀರು ಇಂಗಿ ಹೋಗುತ್ತದೆ. ಪಕ್ಕದಲ್ಲಿ ಒತ್ತಿದ ಮಣ್ಣಿಗೆ ಬೇರು ಇಳಿಯುವುದಿಲ್ಲ. ಒಂದೇ ಗದ್ದೆಯಲ್ಲಿ ಒಂದು ಕಡೆ ನೀರಿಲ್ಲ, ಇನ್ನೊಂದು ಕಡೆ ಪೈರು ಏಳುವುದಿಲ್ಲ. ಸರಿಪಡಿಸಲು ಒಂದು ಉಳುಮೆ ಸಾಲದು.

ಅನುಮಾನ ಇದ್ದರೆ ಒಂದು ಪರೀಕ್ಷೆ ಇದೆ. ಒಂದು ಚಿಟಿಕೆ ಮಣ್ಣನ್ನು ಅಂಗೈಯಲ್ಲಿ ಹೊಸೆಯಿರಿ. 3 ಮಿಲಿಮೀಟರ್ ದಪ್ಪದ ಎಳೆಯಾಗಿ, ತುಂಡಾಗದೆ ಬಂದರೆ ಮಣ್ಣು ಹಸಿಯಿದೆ, ಕಾರು ಇಳಿಸಬೇಡಿ. ಹೊಸೆಯುವಾಗಲೇ ಪುಡಿಯಾದರೆ ಇಳಿಸಬಹುದು. ‘ಹಾಗಾದರೆ ಜಲ್ಲಿ, ಕೆಂಪುಮಣ್ಣು ತುಂಬಿಸಿ ಗಟ್ಟಿ ಮಾಡಿದರೆ?’ ಎಂದು ಕೇಳುವವರಿದ್ದಾರೆ. ಕೇರಳದಲ್ಲಿ ಗದ್ದೆ ಮತ್ತು ಜೌಗುಭೂಮಿ ರಕ್ಷಣೆಗೆ 2008ರ ಕಾನೂನು ಇದೆ. ಭತ್ತದ ಗದ್ದೆಗೆ ಮಣ್ಣು ತುಂಬಿಸುವುದು ಅಪರಾಧ. ಅಲ್ಲಿಗೆ ಆ ಮಾತು ಮುಗಿಯಿತು.

ಕಾರಿಗೆ ಸರಿಯಾದ ನೆಲ ಪದವು, ಅಂದರೆ ಮುರಕಲ್ಲಿನ (ಕೆಂಪುಕಲ್ಲಿನ) ಸಮತಟ್ಟು ಬಯಲು. ಆ ಕಲ್ಲಿನ ಹಾಸು ಜಡಿಮಳೆಗೂ ಕೆಸರಾಗುವುದಿಲ್ಲ. ಆದರೆ ಅಲ್ಲಿಯೂ ಎರಡು ವಿಷಯ ನೋಡಿಕೊಳ್ಳಬೇಕು. ಮೊದಲನೆಯದು ಸುರಂಗ. ಬಾಯಾರು, ಪೈವಳಿಕೆ ಕಡೆ ಗುಡ್ಡೆಯ ಬದಿಯಿಂದ ಒಳಕ್ಕೆ ಕೊರೆದ ನೀರಿನ ಸುರಂಗಗಳು ತುಂಬ ಇವೆ. ಒಬ್ಬ ಮನುಷ್ಯ ನಡೆಯುವಷ್ಟೇ ಎತ್ತರ, ಅಗಲ ಇನ್ನೂ ಕಡಿಮೆ. ಎಷ್ಟೋ ಮನೆಗಳಿಗೆ ಕುಡಿಯುವ ನೀರು ಅದೇ. ಮೇಲೆ ನಿಂತವನಿಗೆ ಕೆಳಗೆ ಸುರಂಗ ಇರುವುದು ಗೊತ್ತಾಗುವುದಿಲ್ಲ. ಹಾಗಾಗಿ ಸುರಂಗದ ಮನೆಯವರನ್ನೇ ಕರೆದುಕೊಂಡು ಹೋಗಿ, ಬಾಯಿಯಿಂದ ಯಾವ ದಿಕ್ಕಿಗೆ ಎಷ್ಟು ಕೋಲು (ಉದ್ದದ ಹಳೆ ಅಳತೆ) ಹೋಗಿದೆ ಎಂದು ಕೇಳಿ, ಪದವಿನ ಮೇಲೆ ಅದೇ ಗೆರೆಗೆ ಕಲ್ಲು ಇಡಿ. ಆ ಗೆರೆಯ ಮೇಲೆ, ಅದರ ಆಚೀಚೆ ಕಾರು ಬೇಡ, ಬಸ್ಸಂತೂ ಬೇಡವೇ ಬೇಡ. ಸುರಂಗದ ಚಾವಣಿ ಕುಸಿಯುವ ಭಯ ಒಂದಾದರೆ, ಎಂಜಿನಿನಿಂದ ತೊಟ್ಟಿಕ್ಕುವ ಎಣ್ಣೆ ಕುಡಿಯುವ ನೀರಿಗೆ ಇಳಿಯುವ ಭಯ ಇನ್ನೊಂದು. ಎರಡನೆಯದು ಪಳ್ಳ. ಮಳೆಗಾಲದಲ್ಲಿ ನೀರು ನಿಲ್ಲುವ ಈ ತಗ್ಗುಗಳಿಗೆ ಮಣ್ಣು ಹಾಕಿ ಸಮ ಮಾಡಬಾರದು. ದನ ನೀರು ಕುಡಿಯುವುದು ಅಲ್ಲಿ, ಗುಡ್ಡೆಗೆ ನೀರು ಇಂಗುವುದೂ ಅಲ್ಲಿಂದ.

ಈಗ ದಾರಿ. ಕರ್ನಾಟಕದ ಗಡಿಯ ನಂದಾರಪದವಿನಿಂದ ಬರುವ ಹಿಲ್ ಹೈವೇ ಅಗಲವಾಗಿದೆ, ಕಾರುಗಳು ಬೇಗ ಬಂದುಬಿಡುತ್ತವೆ. ಅಲ್ಲಿಂದ ಒಳಗಿನ ಪಂಚಾಯತು ರಸ್ತೆ ಹಲವೆಡೆ 3 ಮೀಟರ್ ಮಾತ್ರ. ಕನ್ನಡಿ ಸೇರಿಸಿದರೆ ಒಂದು ಕಾರು 2 ಮೀಟರ್ ಅಗಲ. ಎರಡು ಕಾರು ನಿರಾಳವಾಗಿ ದಾಟಬೇಕಾದರೆ 5.5 ಮೀಟರ್ ಬೇಕು. ಇಲ್ಲಿ ಬದಿಗೆ ಒಂದೇ ಕಾರು ನಿಂತರೂ ಸಾಕು, ಊರಿನ ದಾರಿಯೇ ಕಟ್ಟಿಕೊಳ್ಳುತ್ತದೆ. ಬದಿಗೆ ಸರಿಯಲು ಹೋದ ಚಕ್ರ ಕಣಿಯ (ಚರಂಡಿಯ) ಅಂಚನ್ನು ಕುಸಿಸುತ್ತದೆ. ಮುಂದಿನ ಮಳೆಯ ನೀರು ಕಣಿ ಬಿಟ್ಟು ರಸ್ತೆಯಲ್ಲಿ ಹರಿದು ಅಡಿಕೆ ತೋಟಕ್ಕೆ ನುಗ್ಗುತ್ತದೆ.

ಹೊರಗಿನಿಂದ ಬರುವವರಿಗೆ ತಿಳಿಯದ ಸಂಗತಿ ಒಂದಿದೆ. ಮಳೆ ಬಿಟ್ಟು ಬಿಸಿಲು ಬಂದ ದಿನವೇ ಪ್ರವಾಸಿಗಳು ಹೊರಡುತ್ತಾರೆ. ಅಡಿಕೆಗೆ ಮದ್ದು ಬಿಡಲು ಆಗುವುದೂ ಅದೇ ದಿನ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕಲಸಿದ್ದನ್ನು ಅಂದೇ ಬಿಟ್ಟು ಮುಗಿಸಬೇಕು. ಮೊದಲ ಮದ್ದಾಗಿ 40–45 ದಿನಕ್ಕೆ ಎರಡನೆಯದು. ಮದ್ದು ಬಿಡುವವರು ಸಿಗುವುದೇ ಕಷ್ಟ. ಸಿಕ್ಕಿದ ದಿನ ಪಿಕಪ್ ವಾಹನ ದಾರಿಯಲ್ಲಿ ಎರಡು ಗಂಟೆ ನಿಂತರೆ ಹೋಗುವುದು ಬರೀ ಎರಡು ಗಂಟೆಯಲ್ಲ, ಒಂದು ತೋಟದ ಫಸಲು. ಆದ್ದರಿಂದ ಜುಲೈ, ಆಗಸ್ಟ್ ತಿಂಗಳಲ್ಲಿ ಕೃಷಿ ವಾಹನಕ್ಕೂ ಆಂಬುಲೆನ್ಸಿಗೂ ದಾರಿ ತೆರೆದಿರಬೇಕು, ಪ್ರವಾಸಿಗಳ ಕಾರು ಕಿರುದಾರಿಗೆ ಬರುವ ಮೊದಲೇ ನಿಲ್ಲಬೇಕು. ಪಾರ್ಕಿಂಗಿಗೆ ಪದವು ಹುಡುಕುವಾಗಲೂ ಗುಡ್ಡೆಯ ಬುಡದಲ್ಲಿ ಹುಡುಕಬೇಡಿ, ಅಗಲ ರಸ್ತೆಯ ಪಕ್ಕದಲ್ಲಿ ಹುಡುಕಿ.

ಎಷ್ಟು ಜಾಗ ಬೇಕು? ಗಂಟೆಗೆ 60 ಕಾರು ಬಂದು, ಒಂದೊಂದು 2 ಗಂಟೆ ನಿಂತರೆ ಒಟ್ಟಿಗೆ 120 ಕಾರು ಇರುತ್ತವೆ. ಒಂದು ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದ. ಎರಡು ಸಾಲಿನ ನಡುವೆ ತಿರುಗಿಸಲು 6 ಮೀಟರ್. ಮೂಲೆಗಳನ್ನೂ ಸೇರಿಸಿದರೆ ಕಾರೊಂದಕ್ಕೆ 25 ಚದರ ಮೀಟರ್, ಒಟ್ಟು ಸುಮಾರು 75 ಸೆಂಟ್ಸ್. ಬಂಡೆ, ಮರ, ಪಳ್ಳ, ಸುರಂಗದ ಗೆರೆ ಎಲ್ಲ ಬಿಡಬೇಕಾದ್ದರಿಂದ ಒಂದು ಎಕರೆ ಎಂದೇ ಇಟ್ಟುಕೊಳ್ಳಿ. ಸುಣ್ಣದ ಗೆರೆ ಮಳೆಗೆ ತೊಳೆದು ಹೋಗುತ್ತದೆ. ಸೀಳಿದ ಅಡಿಕೆ ಮರವನ್ನು ಅಡ್ಡ ಹಾಕಿದರೆ ಸಾಲು ತಾನಾಗಿ ನೇರವಾಗುತ್ತದೆ. ಹಣವನ್ನು ಗೇಟಿನಲ್ಲಿ ತೆಗೆದುಕೊಳ್ಳಬೇಡಿ. ಚಿಲ್ಲರೆ, ಸಿಗ್ನಲ್ ಸಿಗದ ಕ್ಯೂಆರ್ ಕೋಡು ಎಂದು ಕಾರಿಗೆ 45 ಸೆಕೆಂಡು ಹಿಡಿದರೂ ಹತ್ತು ಕಾರು ಒಟ್ಟಿಗೆ ಬಂದಾಗ ಬಾಲ 60 ಮೀಟರ್ ಉದ್ದಕ್ಕೆ ರಸ್ತೆಗೆ ಚಾಚುತ್ತದೆ. ಕಾರು ನಿಂತ ಮೇಲೆ ಒಬ್ಬರು ನಡೆದು ಹೋಗಿ ಚೀಟಿ ಕೊಡಲಿ. ಶುಲ್ಕದ ಜಾಗ ನಡೆಸಲು ಪಂಚಾಯತಿನ ಅನುಮತಿ ಬೇಕು. ಬಂದ ಹಣದಲ್ಲಿ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರಿಗೆ ಪಾಲು ಇಟ್ಟರೆ ಪ್ಲಾಸ್ಟಿಕ್ ತೋಟಕ್ಕೆ ಬರುವುದಿಲ್ಲ.

ಪಾರ್ಕಿಂಗ್ ಜಾಗದಿಂದ ಗುಡ್ಡೆಗೆ ಜೀಪು ಬಿಡೋಣ ಎನ್ನುವವರು ಲೆಕ್ಕ ಹಾಕಿ ನೋಡಲಿ. ಎಂಟು ಜನರ ಜೀಪು ಗಂಟೆಗೆ ಮೂರು ಸಲ ಹೋಗಿ ಬಂದರೆ 24 ಜನ. 60 ಕಾರಿನಲ್ಲಿ ಇನ್ನೂರು ಜನರಾದರೂ ಇರುತ್ತಾರೆ. ಜೀಪು ಮುದುಕರಿಗೆ, ಮಕ್ಕಳಿಗೆ ಸಾಕು. ಉಳಿದವರು ನಡೆಯಬೇಕು. ಜೀಪು ಹಳದಿ ನಂಬರ್ ಪ್ಲೇಟಿನದ್ದೇ ಇರಲಿ. ಸ್ವಂತ ಬಳಕೆಯ ವಾಹನದಲ್ಲಿ ಬಾಡಿಗೆಗೆ ಜನ ಹತ್ತಿಸಿ ಅಪಘಾತವಾದರೆ ಇನ್ಶೂರೆನ್ಸ್ ಸಿಗುವುದು ಕಷ್ಟ.

ಒಳಗೆ ಬಿಟ್ಟ ವಾಹನಗಳಿಗೆ ಕಿರಿದಾದ ಒಂದು ಕಿಲೋಮೀಟರಿನಲ್ಲಿ ಸರದಿ ಇಡಲು ಹಳೆ ರೈಲುಗಳ ಟೋಕನ್ನಿನ ಕ್ರಮ ಒಳ್ಳೆಯದು. ಈ ತುದಿಯಿಂದ ಹೊರಟ ಕೊನೆಯ ವಾಹನಕ್ಕೆ ಕೆಂಪು ಬಟ್ಟೆ ಕಟ್ಟಿದ ಕೋಲು ಕೊಡಿ. ಕೋಲು ಆಚೆ ತುದಿಗೆ ಮುಟ್ಟಿದ ಮೇಲೆಯೇ ಅಲ್ಲಿಯವರನ್ನು ಬಿಡುವುದು. 15 ಕಿಲೋಮೀಟರ್ ವೇಗದಲ್ಲಿ ನಾಲ್ಕು ನಿಮಿಷದ ದಾರಿ, ಮೊಬೈಲ್ ಸಿಗ್ನಲ್ ಬೇಕಾಗಿಲ್ಲ. ಆದರೆ ಸ್ವಯಂಸೇವಕರಿಗೆ ರಸ್ತೆ ತಡೆಯುವ ಅಧಿಕಾರ ಇಲ್ಲ. ಪಂಚಾಯತಿನ ಟ್ರಾಫಿಕ್ ರೆಗ್ಯುಲೇಟರಿ ಕಮಿಟಿಯಲ್ಲಿ ಇಟ್ಟು ಪೊಲೀಸರ ಒಪ್ಪಿಗೆ ಪಡೆಯಿರಿ. ಗೂಗಲ್ ಮ್ಯಾಪಿನಲ್ಲಿ ಪಾರ್ಕಿಂಗ್ ಜಾಗವನ್ನು ಗುರುತಿಸಿ, ತೋಟದ ಖಾಸಗಿ ದಾರಿಗಳನ್ನು ಖಾಸಗಿ ಎಂದು ತಿದ್ದಿಸಿ. ಫಲಕ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಇರಲಿ, ತಿರುವು ದಾಟಿದ ಮೇಲಲ್ಲ, ತಿರುವಿಗಿಂತ ನೂರು ಮೀಟರ್ ಮೊದಲೇ ಕಾಣಲಿ.

ಕೆಡುವುದು ಹೆಚ್ಚಾಗಿ ಸಂಜೆ. ಬರುವಾಗ ಬಿಡಿಬಿಡಿಯಾಗಿ ಬಂದವರು ಸೂರ್ಯ ಮುಳುಗಿದೊಡನೆ ಒಟ್ಟಿಗೆ ಇಳಿಯುತ್ತಾರೆ. ಬಂದಾಗಲೇ ಕಾರನ್ನು ರಿವರ್ಸ್ ಹಾಕಿ, ಮೂತಿ ಹೊರಗಿರುವಂತೆ ನಿಲ್ಲಿಸಬೇಕು. ಐದೂವರೆಗೆ ಒಳಬರುವುದನ್ನು ನಿಲ್ಲಿಸಬೇಕು. ಏರಿನಲ್ಲಿ ಎದುರಾದರೆ ಇಳಿಯುವವರು ಹತ್ತುವವರಿಗೆ ಸೈಡ್ ಕೊಡಬೇಕು, ನಿಯಮವೂ ಅದೇ.

ಪದವಿನ ಇದೇ ಜಾಗವನ್ನು ಬೇಸಗೆಗೂ ಬಳಸುವುದಾದರೆ ಜನವರಿ ಹೊತ್ತಿಗೆ ಹುಲ್ಲು ಕೊಯ್ಯಿಸಿಬಿಡಿ. ಬಿಸಿಯಾದ ಸೈಲೆನ್ಸರಿನ ಅಡಿಗೆ ಒಣಹುಲ್ಲು ತಾಗಿದರೆ ಬೆಂಕಿ ಹಿಡಿಯುತ್ತದೆ. ಗೇಟಿನ ಬಳಿ ಎರಡು ಡ್ರಮ್ ನೀರು, ಬಡಿದು ನಂದಿಸಲು ಹಸಿ ಸೊಪ್ಪಿನ ಗೆಲ್ಲುಗಳು ಇರಲಿ. ಮಾರ್ಚಿನಲ್ಲಿ ಗದ್ದೆ ಕೊಟ್ಟವರು, ಕಾರು ಇಳಿಸಲು ಕಡಿದ ಹುಣಿಯನ್ನು (ಗದ್ದೆಯ ಬದುವನ್ನು) ಮೇ ಮುಗಿಯುವ ಮೊದಲು ಕಟ್ಟಿಸಿಕೊಡಬೇಕೆಂದು ಮೊದಲೇ ಬರೆಸಿಕೊಳ್ಳಿ.