ಜಿಆರ್‌ಇ ವರ್ಬಲ್ ಮತ್ತು ಪದಪಟ್ಟಿಯ ಮೋಹ

ಜಿಆರ್‌ಇ (ಸ್ನಾತಕೋತ್ತರ ಪ್ರವೇಶಕ್ಕೆ, ಹೆಚ್ಚಾಗಿ ವಿದೇಶದಲ್ಲಿ, ಕೇಳೋ ಪರೀಕ್ಷೆ) ವರ್ಬಲ್, ಅಂದರೆ ಅದರ ಇಂಗ್ಲಿಷ್ ವಿಭಾಗ, ಅಂದ ಕೂಡಲೇ ಎಲ್ಲರೂ ಪದಪಟ್ಟಿ ಹಿಡಿದು ಉರು ಹೊಡೆಯೋಕೆ ಕೂರ್ತಾರೆ. ಪದ ಬೇಕು, ನಿಜ. ಆದರೆ ಅಂಕ ಸೋರಿಹೋಗೋದು ಹೆಚ್ಚಾಗಿ ಬೇರೆ ಕಡೆ.

ಸೆಂಟೆನ್ಸ್ ಈಕ್ವಿವಲೆನ್ಸ್ ನೋಡಿ. ಒಂದೇ ಖಾಲಿ ಜಾಗಕ್ಕೆ, ವಾಕ್ಯದ ಅರ್ಥ ಒಂದೇ ಆಗೋ ಹಾಗೆ 6 ಆಯ್ಕೆಯಲ್ಲಿ 2 ಆರಿಸಬೇಕು, ಎರಡೂ ಸರಿಯಿದ್ದರೆ ಮಾತ್ರ ಅಂಕ, ಅರ್ಧಂಬರ್ಧ ಲೆಕ್ಕಕ್ಕಿಲ್ಲ. ಅಲ್ಲಿ ಸಮಾನಾರ್ಥಕ ಜೋಡಿಯೊಂದನ್ನು ಬೇಕಂತಲೇ ಇಟ್ಟಿರ್ತಾರೆ, ವಾಕ್ಯಕ್ಕೆ ಅದು ಹೊಂದಲ್ಲ. ಪಟ್ಟಿ ಬಾಯಿಪಾಠ ಮಾಡಿದವರೇ ಮೊದಲು ಬೀಳೋದು ಇದಕ್ಕೆ! ಆಯ್ಕೆಗಳನ್ನು ನೋಡದೆ ವಾಕ್ಯ ಓದಿ, ಖಾಲಿ ಜಾಗಕ್ಕೆ ನಿಮ್ಮದೇ ಪದ ಹಾಕಿ (ಕನ್ನಡದ್ದಾದರೂ ನಡೆಯುತ್ತೆ), ಆಮೇಲೆ ಹೋಲಿಸಿ. ‘ಆಲ್‌ದೋ’, ‘ಡಿಸ್ಪೈಟ್’ ಕಂಡರೆ ಅರ್ಥ ತಿರುಗುತ್ತೆ. ಸೆಮಿಕೋಲನ್ ಇದ್ದರೆ ಸಾಮಾನ್ಯವಾಗಿ ಅದೇ ಮಾತಿನ ವಿವರಣೆ.

ಮೂರು ಖಾಲಿ ಜಾಗದ ಟೆಕ್ಸ್ಟ್ ಕಂಪ್ಲೀಶನ್‌ನಲ್ಲಿ ಮೊದಲನೆಯದರಿಂದಲೇ ಶುರು ಮಾಡಬೇಕೆಂಬ ನಿಯಮವಿಲ್ಲ. ಸುಳಿವು ಗಟ್ಟಿಯಾಗಿರೋ ಜಾಗ ಮೊದಲು.

ಪ್ಯಾಸೇಜ್ ಓದಿ ಉತ್ತರಿಸೋ ಪ್ರಶ್ನೆಯಲ್ಲಿ ‘ಓನ್ಲಿ’, ‘ಆಲ್‌ವೇಸ್’ ಇರೋ ಉತ್ತರವನ್ನು ಅನುಮಾನದಿಂದಲೇ ನೋಡಿ.

2023ರ ಸೆಪ್ಟೆಂಬರ್‌ನಿಂದ ವರ್ಬಲ್‌ನ ಎರಡು ಭಾಗಗಳಲ್ಲಿ ಮೊದಲನೆಯದಕ್ಕೆ 18 ನಿಮಿಷ, 12 ಪ್ರಶ್ನೆ. ಎರಡನೆಯದಕ್ಕೆ 23 ನಿಮಿಷ, 15 ಪ್ರಶ್ನೆ. ಮೊದಲನೆಯದು ಹೇಗಾಯಿತು ಅನ್ನೋದರ ಮೇಲೆ ಎರಡನೆಯದರ ಕಷ್ಟ ನಿರ್ಧಾರ. ಹಳೆಯ ಪುಸ್ತಕದ ಅರ್ಧ ಗಂಟೆಯ ಸೆಕ್ಷನ್ ಇಟ್ಟುಕೊಂಡು ಅಭ್ಯಾಸ ಮಾಡೋರಿಗೆ ಈ ವೇಗ ಗೊತ್ತೇ ಆಗಲ್ಲ. ತಪ್ಪಿಗೆ ಅಂಕ ಕಡಿತವಿಲ್ಲ; ಸಿಕ್ಕಿಹಾಕಿಕೊಂಡರೆ ಒಂದು ಉತ್ತರ ಒತ್ತಿ, ಮಾರ್ಕ್ ಮಾಡಿ, ಮುಂದಿನದಕ್ಕೆ ಹೋಗಿ. ಅದೇ ಭಾಗದೊಳಗೆ ಮಾತ್ರ ವಾಪಸ್ ಬರಬಹುದು.