ಹಂಡೆ ಇದೆ, ಒಲೆ ಎಲ್ಲಿ?

ನವೆಂಬರ್ 16, 2024, ಶನಿವಾರ
ಶೆಫೀಲ್ಡ್, ಇಂಗ್ಲೆಂಡ್

ವಾಕ್ಲಿ ಬಡಾವಣೆಯಲ್ಲಿ ಕೊಳ್ಳಬೇಕೆಂದಿರುವ ಆ ಮನೆಯನ್ನು ಇವತ್ತು ಮತ್ತೆ ನೋಡಿ ಬಂದೆವು. ಕೋಟು ಬಿಚ್ಚಲೇ ಇಲ್ಲ. ಒಳಗಿಗಿಂತ ಹೊರಗೇ ಬೆಚ್ಚಗಿದೆ ಅಂತ ನನ್ನ ಗಂಡ ಏಜೆಂಟ್ ಎದುರೇ ಅಂದ, ಬೆಲೆ ಇಳಿಸೋ ಉಪಾಯ. ಆ ಹುಡುಗ ಕಿವಿಗೇ ಹಾಕಿಕೊಳ್ಳಲಿಲ್ಲ.

1890ರ ಸುಮಾರಿನ ಸಾಲುಮನೆ. ಮನೆ ಬಿಸಿ ಮಾಡೋ ಬಾಯ್ಲರ್ ಇಲ್ಲ, ಬಿಸಿನೀರು ಹರಿದು ಕೋಣೆ ಬೆಚ್ಚಗಿಡೋ ರೇಡಿಯೇಟರ್ ಅನ್ನೋದು ಹುಡುಕಿದರೂ ಇಲ್ಲ. ಮುಂದಿನ ಕೋಣೆಯಲ್ಲಿ ಹಳೇ ಅಗ್ಗಿಷ್ಟಿಕೆಯ ಬಾಯಿಗೆ ಕಂದು ಬಣ್ಣದ ಗ್ಯಾಸ್ ಫೈರ್ ಕೂರಿಸಿದ್ದಾರೆ. ಮೇಲಿನ ಮಲಗುವ ಕೋಣೆಗಳಿಗೆ ಅದೂ ಇಲ್ಲ. ಸ್ನಾನದ ನೀರಿಗೆ ಗೋಡೆ ಬೀರುವಿನೊಳಗೊಂದು ತಾಮ್ರದ ಸಿಲಿಂಡರ್, ಚಳಿಯಾಗದಿರಲಿ ಅಂತ ಅದಕ್ಕೆ ಕೆಂಪು ದಪ್ಪ ಜಾಕೆಟ್ ತೊಡಿಸಿ ಬೆಲ್ಟು ಬಿಗಿದಿದ್ದಾರೆ. ವಿಡಿಯೋದಲ್ಲಿ ನೋಡಿದ ಅಮ್ಮ, "ಹಂಡೆ ಇದೆಯಲ್ಲ, ಒಲೆ ಎಲ್ಲಿ?" ಅಂದಳು.

ಹೊರಗೆ ಬಂದರೆ ಪಕ್ಕದ ಮನೆ ಅಜ್ಜಿ ಗೆನ್ನೆಲ್ ಬಾಯಲ್ಲಿ ನಿಂತಿದ್ದರು. ಗೆನ್ನೆಲ್ ಅಂದರೆ ಎರಡು ಮನೆ ನಡುವೆ ಹಿತ್ತಿಲಿಗೆ ನುಸುಳೋ ಓಣಿ. ನನ್ನ ಹೊಟ್ಟೆ ನೋಡಿದವರೇ "ಯಾವಾಗ, ಲವ್?" ಅಂದರು. ಮಾರ್ಚ್ ಅಂದೆ. ಗೋಡೆ ಬುಡದಲ್ಲಿದ್ದ ಕಬ್ಬಿಣದ ಮುಚ್ಚಳವನ್ನು ಊರುಗೋಲಿಂದ ತಟ್ಟಿ ತೋರಿಸಿದರು. ಕಲ್ಲಿದ್ದಲಿನವನು ಅಲ್ಲಿಂದಲೇ ನೆಲಮಾಳಿಗೆಗೆ ಮೂಟೆ ಸುರಿಯುತ್ತಿದ್ದನಂತೆ. ಬೆಂಕಿ ಕೆಳಗಿನ ಕೋಣೆಯಲ್ಲಿ ಮಾತ್ರ. ಮಕ್ಕಳು ಅದರ ಮುಂದೆಯೇ ಬಟ್ಟೆ ಬದಲಿಸಿ, ಬಿಸಿನೀರಿನ ಚೀಲ ಅವುಚಿಕೊಂಡು ಮಹಡಿಗೆ ಓಡೋದು. ಬೆಳಗ್ಗೆ ಕಿಟಕಿ ಗಾಜಿನ ಒಳಮೈಗೇ ಹಿಮ ಕಟ್ಟಿರುತ್ತಿತ್ತು, ಉಗುರಿನಲ್ಲಿ ಅದರ ಮೇಲೆ ಹೆಸರು ಕೆರೆಯುತ್ತಿದ್ದರಂತೆ. 1956ರ ಶುದ್ಧ ಗಾಳಿ ಕಾಯ್ದೆ ಬಂದ ಮೇಲೆ ಕಲ್ಲಿದ್ದಲ ಹೊಗೆ ಹೋಯಿತು, ಎಪ್ಪತ್ತರ ದಶಕದಲ್ಲಿ ಉತ್ತರ ಸಮುದ್ರದ ಗ್ಯಾಸ್ ಬಂತು. ಬೀದಿಯವರೆಲ್ಲ ಒಬ್ಬೊಬ್ಬರಾಗಿ ರೇಡಿಯೇಟರ್ ಹಾಕಿಸಿದರೂ ಈ ಮನೆಯಾಕೆ ಮಾತ್ರ ಬೇಡವೇ ಬೇಡ ಅಂದರಂತೆ.

"ಮೂಗು ಒಣಗುತ್ತೆ ಅನ್ನೋಳು. ತೊಂಬತ್ತು ದಾಟಿದಳು, ಲವ್."

ಅಮ್ಮನಿಗೆ ಇದನ್ನೂ ಹೇಳಿದೆ. "ಆಕೆಗೆ ಅಲ್ಲಿ ಬಾಣಂತನ ಯಾರು ಮಾಡಿದರು, ಕೇಳಿದ್ಯಾ?"

ಅಮ್ಮ ಬರೋದೇ ಅದಕ್ಕೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕೋಣೆಗೆ ಗಾಳಿ ಸುಳಿಯಬಾರದು, ಎರೆದ ಮೇಲೆ ಸಾಂಬ್ರಾಣಿ ಹೊಗೆ. ತೀರ್ಥಹಳ್ಳಿಯಲ್ಲಿ ಅಕ್ಕನ ಬಾಣಂತನದಲ್ಲಿ ಬಚ್ಚಲೊಲೆ ಆರಿದ್ದೇ ಕಾಣೆ. ಇಲ್ಲಿ ಸೂಲಗಿತ್ತಿ ನರ್ಸ್ ಕೊಟ್ಟ ಕಾಗದದಲ್ಲಿ ಮಗು ಮಲಗುವ ಕೋಣೆ 16ರಿಂದ 20 ಡಿಗ್ರಿ ಇರಲಿ, ಮನೆಯೊಳಗೆ ಟೋಪಿ ಹಾಕಬೇಡಿ ಅಂತಿದೆ. ಅಮ್ಮ ಆಗಲೇ ಕುಲಾವಿ ಹೆಣೆಯಲು ಕೂತಿದ್ದಾಳೆ. ಈ ಜಗಳ ಸೆಂಟ್ರಲ್ ಹೀಟಿಂಗ್ ಇದ್ದರೂ ತಪ್ಪಿದ್ದಲ್ಲ.

ಇವನದು ಬೇರೆ ಲೋಕ, ಲೆಕ್ಕದ್ದು. ಮನೆಯ ಇಂಧನ ದರ್ಜೆ ಎಫ್, ಎಯಿಂದ ಜಿವರೆಗಿನ ಅಳತೆಯಲ್ಲಿ ಕೊನೆಯಿಂದ ಎರಡನೆಯದು. ಇ ದರ್ಜೆಗಿಂತ ಕೆಳಗಿನ ಮನೆಯನ್ನು ಬಾಡಿಗೆಗೆ ಕೊಡುವ ಹಾಗಿಲ್ಲ, ಹಾಗಾಗಿ ಬಾಡಿಗೆ ವ್ಯಾಪಾರದವರು ಇತ್ತ ತಲೆ ಹಾಕಲ್ಲ, ನಮ್ಮಂಥವರಿಗೆ ಸಿಗೋದೇ ಇಂಥದ್ದು ಅನ್ನುತ್ತಾನೆ. ಸರಿಯೇ. ಆದರೆ ಗೋಡೆ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆಯದು, ನಡುವೆ ಟೊಳ್ಳಿಲ್ಲ, ಶಾಖ ತಡೆಯೋ ಉಣ್ಣೆ ತುಂಬೋಣವೆಂದರೆ ಜಾಗವೇ ಇಲ್ಲ. ಹೊರಗಿನ ಗಾಳಿಯಿಂದ ಶಾಖ ಹೀರಿ ಮನೆ ಬಿಸಿ ಮಾಡೋ ಹೀಟ್ ಪಂಪಿಗೆ ಸರ್ಕಾರ 7,500 ಪೌಂಡ್ ಕೊಡುತ್ತದೆ, ಆದರೆ 2024ರ ನಿಯಮದ ಪ್ರಕಾರ ಹೊರಗಿನ ಯಂತ್ರ ಪಕ್ಕದವರ ಗಡಿಯಿಂದ ಒಂದು ಮೀಟರ್ ದೂರ ಇರದಿದ್ದರೆ ಪ್ಲಾನಿಂಗ್ ಅನುಮತಿ ಬೇಕು. ಆ ಹಿತ್ತಿಲಲ್ಲಿ ಒಂದು ಮೀಟರ್ ಹುಡುಕೋದೇ ಕಷ್ಟ. ಅಜ್ಜಿಯ ಬಟ್ಟೆ ಹಗ್ಗ ಬೇರೆ ಅಡ್ಡ. ಕೊನೆಗೆ ಗ್ಯಾಸ್ ಬಾಯ್ಲರೇ ಗತಿ ಅನ್ನಿಸುತ್ತದೆ, ನೆಲಮಾಳಿಗೆಯಲ್ಲಿ ಗ್ಯಾಸ್ ಮೀಟರ್ ಹೇಗೂ ಇದೆ.

ನನಗೆ ಆ ಮನೆ ಯಾಕೆ ಬೇಕು ಅಂತ ಇವನು ಕೇಳಿದ. ಅಡುಗೆಮನೆ ಕಿಟಕಿ ಅಂದೆ. ನಕ್ಕ. ನಿಜವಾಗಿಯೂ ಅಷ್ಟೇ.

ಸೋಮವಾರ ಆಫರ್ ಹೇಳಬೇಕು. ವಕೀಲರ ಕಾಗದಪತ್ರ ಮುಗಿದು ಕೀಲಿ ಸಿಗೋದು ಬೇಗ ಅಂದರೂ ಫೆಬ್ರವರಿ, ಅಮ್ಮನ ಟಿಕೆಟ್ಟೂ ಆಗಲೇ. ಪೈಪು ಎಳೆಯಲು ನೆಲದ ಹಲಗೆ ಎಬ್ಬಿಸುತ್ತಾರಲ್ಲ, ಆಗ ಬಾಣಂತಿ ಎಲ್ಲಿರೋದು? ಈ ಫ್ಲಾಟನ್ನೇ ಇನ್ನೆರಡು ತಿಂಗಳು ಇಟ್ಟುಕೊಂಡರೆ? ಬಾಡಿಗೆಯೂ ಕಟ್ಟಿ ಸಾಲದ ಕಂತೂ ಕಟ್ಟಿ, ಅದರ ಮೇಲೆ ಬಾಯ್ಲರ್ ಖರ್ಚು... ಅಥವಾ ಮೊದಲು ಮೇಲಿನ ಹಿಂದಿನ ಕೋಣೆ ಒಂದಕ್ಕೆ ಮಾತ್ರ...