ನಿಧಿ ಹೊಂಡ

ಬೋರ್‌ವೆಲ್ ಪಾಯಿಂಟ್ ನೋಡೋದು ನನ್ನ ಕೆಲಸ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಕೊಂಡು ತೋಟ ಸುತ್ತುವವರ ಜೊತೆ ಹನ್ನೊಂದು ವರ್ಷದ ಪೈಪೋಟಿ. ಅವರದ್ದು ನಂಬಿಕೆ, ನಂದು ವಿಜ್ಞಾನ ಅಂತ ಕುಮಟಾ, ಹೊನ್ನಾವರ ತುಂಬ ಹೇಳ್ಕೊಂಡು ತಿರುಗಿದವ ನಾನು. ಹೋದ ವರ್ಷದ ಮೇ ತಿಂಗಳಿಂದ ಸ್ವಲ್ಪ ಮೆಲ್ಲಗೆ ಹೇಳ್ತೇನೆ.

ಕರೆದದ್ದು ನೀರಿಗೇ. ಗೇರುಸೊಪ್ಪೆ ಬದಿಯ ಹೆಗಡೇರ ಅಡಿಕೆ ತೋಟ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದ ಚೆನ್ನಭೈರಾದೇವಿಯ ಸೀಮೆ ಅದು. ಯಾವ ಧರೆ, ಅಂದ್ರೆ ಮಣ್ಣಿನ ದಿಬ್ಬ, ಕಂಡರೂ ಅಲ್ಲಿಯವರಿಗೆ ಅದರೊಳಗೆ ಒಂದು ಕೊಪ್ಪರಿಗೆ ಬಂಗಾರ ಕಾಣ್ತದೆ. ನನಗೆ ಅದು ನೆನಪಿರಬೇಕಿತ್ತು.

ನೆಲಕ್ಕೆ ಕರೆಂಟ್ ಬಿಡೋ ಸರಳು, ಅಂದ್ರೆ ಎಲೆಕ್ಟ್ರೋಡ್, ಅದರ ಬುಡಕ್ಕೆ ಉಪ್ಪುನೀರು ಹೊಯ್ದು, ನೆಲ ಕರೆಂಟನ್ನ ಎಷ್ಟು ತಡೀತದೆ ಅಂತ ಸಾಲಾಗಿ ಅಳೆದ್ವಿ. ಮೇಲೆಲ್ಲ ಒಣ ಚಿರೇಕಲ್ಲು, ಅಂದ್ರೆ ಕೆಂಪು ಮುರಕಲ್ಲು, ರೀಡಿಂಗ್ 2,000 ಓಮ್-ಮೀಟರ್ ಆಸುಪಾಸು. ಒಂದು ಕಡೆ ಮಾತ್ರ ದಬಕ್ಕನೆ 60ಕ್ಕೆ ಇಳೀತು. ಚಿರೇಕಲ್ಲಿನ ಅಡಿ ಶೇಡಿ, ಅಂದ್ರೆ ಜೇಡಿಯಂಥ ಮೆತ್ತನೆ ಮಣ್ಣು, ಇರೋದು ನಮ್ಮ ಕಡೆ ಹೊಸದಲ್ಲ, ಅದರದ್ದೇ ಒಂದು ಗುಪ್ಪೆ ಅಂತ ಅಲ್ಲೇ ಗೊತ್ತಾಯ್ತು. ಆದ್ರೆ ಬಾಯಿಂದ ಬಂದದ್ದು, "ಇಲ್ಲಿ ಎಂತದೋ ಬೇರೆ ಇದೆ ಹೆಗಡೇರೆ." ಗಿರಾಕಿ ಎದುರು 'ಇಲ್ಲ' ಅನ್ನಬಾರದು ಅಂತ ನಮ್ಮ ಧಣಿ ಕಲಿಸಿದ ಪಾಠ.

ರಿಪೋರ್ಟಿನಲ್ಲಿ 'ಅನಾಮಲಿ' ಅಂತ ಬರೆದೆ. ಆಫೀಸಿನ ಸಾಫ್ಟ್‌ವೇರಿನಲ್ಲಿ ಯಾರೋ ಪುಣ್ಯಾತ್ಮ ಕಡಿಮೆ ರೀಡಿಂಗಿಗೆ ಹಳದಿ ಬಣ್ಣ ಇಟ್ಟಿದ್ದ. ಹೆಗಡೇರು ಆ ಹಾಳೆಯನ್ನ ಬಿಸಿಲಿಗೆ ಹಿಡಿದು ನೋಡಿ, "ತಮಾ, ಹಳದಿ ಹೇಳಿರೆ ಎಂತದು?" ಅಂದ್ರು. ನಾನು ನಕ್ಕೆ. ಆ ನಗುವನ್ನ ಅವರು ಗುಟ್ಟು ಅಂದ್ಕೊಂಡ್ರು.

ನಾಲ್ಕನೇ ದಿನ ಫೋನು, ಹಿಂದೆ ಜೆಸಿಬಿ ಸದ್ದು. ಹೋಗಿ ನೋಡಿದ್ರೆ ಹದಿನಾಲ್ಕು ಅಡಿ ಹೊಂಡ, ಗೋಡೆಯೆಲ್ಲ ಬಿಳಿ-ಗುಲಾಬಿ ಶೇಡಿ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಬಕೆಟ್ ಎಂತಕ್ಕೋ ಟಣ್ ಅಂತ ತಾಗಿತಂತೆ, ಅವರ ಮಗ ಕೆಳಗಿಳಿದು ಪಿಕಾಸಿಯಲ್ಲಿ ಕೆದಕ್ತಿದ್ದ. ದಂಡೆ ಮೇಲೆ ನನ್ನ ಕಾಲಿನ ಹಿಂದೆ ಒಂದು ಬಿರುಕು, ಬೆರಳು ತೂರುವಷ್ಟು. ಒದ್ದೆ ಶೇಡಿ ಸಾಬೂನಿನ ಹಾಗೆ, ಜಾರಿದ್ರೆ ಇಡೀ ಗೋಡೆ ಒಟ್ಟಿಗೇ ಜಾರ್ತದೆ.

"ಮೇಲೆ ಬಾ" ಅಂದೆ. ತಲೆ ಎತ್ತಲಿಲ್ಲ. ಮಣ್ಣು ಕುಸೀತದೆ ಅಂದೆ. ಪಾಲು ಕೇಳೋಕೆ ಬಂದವನ ಹಾಗೆ ಹೆಗಡೇರು ನನ್ನನ್ನೇ ನೋಡಿದ್ರು. ನಿಧಿ ಸಿಕ್ಕಿದ್ರೆ ಡಿಸಿಗೆ ತಿಳಿಸಬೇಕು, ನಮ್ಮ ರಾಜ್ಯದ 1962ರ ಕಾನೂನು ಅಂದೆ; ಅದಂತೂ ಬೆಂಕಿಗೆ ತುಪ್ಪ. ಒಂದು ಹಿಡಿ ಮಣ್ಣು ತಾನಾಗೇ ಉದುರಿ ಅವನ ಬೆನ್ನ ಮೇಲೆ ಬಿತ್ತು. ಜೀಪಿನಿಂದ ಮೀಟರ್ ತಂದು ದಂಡೆ ಮೇಲಿಟ್ಟೆ. "ಇನ್ನೊಂದು ರೀಡಿಂಗ್ ತಗೊಳ್ಬೇಕು, ಕೆಳಗಿದ್ರೆ ಕರೆಂಟ್ ಹೊಡೀತದೆ." ಕೂಡಲೇ ಏಣಿ ಹತ್ತಿ ಬಂದ. ನಿಜಕ್ಕೆ ಬಾರದವ ಮೀಟರಿನ ಸುಳ್ಳಿಗೆ ಬಂದ.

ಟಣ್ ಅಂದದ್ದು ಚಿರೇಕಲ್ಲಿನ ಗುಂಡು. ಆ ರಾತ್ರಿ ಆ ಬದಿ ಕುಸೀತು, ಎರಡು ಅಡಿಕೆ ಮರದ ಸಮೇತ.

2013ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಉನ್ನಾವ ಜಿಲ್ಲೆಯ ಡೌಂಡಿಯಾ ಖೇಡಾದಲ್ಲಿ ಪುರಾತತ್ವ ಇಲಾಖೆ ಅಗೆದಾಗ ನಾವು ಆಫೀಸಿನಲ್ಲಿ ಬಿದ್ದು ಬಿದ್ದು ನಕ್ಕಿದ್ವಿ. ಸಾಧುವಿನ ಕನಸಿಗೆ 1,000 ಟನ್ ಬಂಗಾರ ಬಿದ್ದಿತ್ತು, ಅದಕ್ಕೆ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಸರ್ವೆಯ ಬೆಂಬಲ ಬೇರೆ. ಸಿಕ್ಕಿದ್ದು ಮಡಕೆ ಚೂರಿನಂಥವು. ಅಲ್ಲೂ ಇದ್ದದ್ದು 'ಅನಾಮಲಿ' ಅನ್ನುವ ಒಂದು ಶಬ್ದವೇ. ಸುತ್ತಲಿನ ಹಾಗಿಲ್ಲ ಅನ್ನೋದಷ್ಟೇ ಅದರ ಅರ್ಥ. ಎಂತದು ಇದೆ ಅಂತ ಹೇಳೋ ತಾಕತ್ತು ನಮ್ಮ ಮೀಟರಿಗಿಲ್ಲ. ತೆಳು ಪದರ ಚೆನ್ನಾಗಿ ಕರೆಂಟ್ ಬಿಟ್ಟರೂ, ದಪ್ಪ ಪದರ ಸಾಧಾರಣ ಬಿಟ್ಟರೂ ರೀಡಿಂಗಿನ ಗೆರೆ ಹೆಚ್ಚುಕಮ್ಮಿ ಒಂದೇ. ಹತ್ತಿಪ್ಪತ್ತು ಮೀಟರ್ ದೂರಕ್ಕೆ ಎಲೆಕ್ಟ್ರೋಡ್ ನೆಟ್ಟರೆ ಹದಿನೈದು ಅಡಿ ಕೆಳಗಿನ ಒಂದು ಕೊಡ ಬಂಗಾರ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ಮುಳ್ಳು ಅಲುಗೋದೂ ಇಲ್ಲ. ಮೆಟಲ್ ಡಿಟೆಕ್ಟರಿನದ್ದು ಇನ್ನೊಂದು ಪೇಚಾಟ: ಚಿರೇಕಲ್ಲಿನಲ್ಲೇ ಕಬ್ಬಿಣದ ಅಂಶ, ಅಲ್ಲಲ್ಲಿ ಸುಮ್ಮಸುಮ್ಮನೆ ಕೂಗ್ತದೆ. ಇಷ್ಟನ್ನೂ ಆವತ್ತು ಧರೆ ಮೇಲೆ ನಿಂತು ಹೇಳೋಕೆ ಐದು ನಿಮಿಷ ಸಾಕಿತ್ತು.

ಈಗ ಕಡಿಮೆ ರೀಡಿಂಗಿಗೆ ಬೂದಿ ಬಣ್ಣ ಇಟ್ಟಿದ್ದೇನೆ. ರಿಪೋರ್ಟಿಗೆ ಕಳೆ ಇಲ್ಲ ಅಂತ ಧಣಿ ಗೊಣಗ್ತಾರೆ. ಹೆಗಡೇರ ಹೊಂಡಕ್ಕೆ ಊರವರು 'ನಿಧಿ ಹೊಂಡ' ಅಂತ ಹೆಸರಿಟ್ಟಾಯ್ತು. ಅಡಿಯೆಲ್ಲ ಶೇಡಿ ಆದ್ದರಿಂದ ನೀರು ಇಂಗೋದಿಲ್ಲ, ಈ ಬೇಸಿಗೆಯಲ್ಲಿ ತೋಟಕ್ಕೆ ಅದರದ್ದೇ ನೀರು ಬಿಟ್ಟರಂತೆ. ಪಾಯಿಂಟಿನ ಫೀಸು ಮಾತ್ರ ಇನ್ನೂ ಬಂದಿಲ್ಲ.